ಹೊತ್ತು ಮುಳುಗಿದ ಮೇಲಿನ ನೀರು

ಖಾನಾಪುರದ ಪೇಟೆಯಲ್ಲಿ ಪದ್ಮಾಕರನದು ಬಾಂಡೆ ಸಾಮಾನಿನ ಅಂಗಡಿ. ತಾಮ್ರದ ಕೊಡ, ಹಿತ್ತಾಳೆ ತಂಬಿಗೆ, ಸ್ಟೀಲಿನ ಬಿಂದಿಗೆ, ಏನು ಬೇಕಾದರೂ ಅಲ್ಲಿ ಸಿಗುತ್ತದೆ. ಊರಿಗೆಲ್ಲ ನೀರಿನ ಪಾತ್ರೆ ಮಾರುವ ಈ ಮನುಷ್ಯನಿಗೆ ಒಂದು ಲೋಟ ನೀರು ಕುಡಿಸುವುದರಲ್ಲಿ ಹೆಂಡತಿ ಸೋನಾಬಾಯಿಗೆ ಸಾಕುಸಾಕಾಗಿ ಹೋಗಿತ್ತು.

ಮೂತ್ರದಲ್ಲಿ ರಕ್ತ ಕಾಣಿಸಿಕೊಂಡು ವರ್ಷದ ಮೇಲಾಯಿತು. ಮೊದಲು ಉಷ್ಣವೆಂದು ಜೀರಿಗೆ ಕಷಾಯ ಕುಡಿದ, ಆಮೇಲೆ ಯಾರೋ ಕೊಟ್ಟ ಬೇರಿನ ಪುಡಿ ನುಂಗಿದ. ಕೊನೆಗೆ ಬೆಳಗಾವಿಯ ದವಾಖಾನೆಯಲ್ಲಿ ಮೂತ್ರಕೋಶದ ಕ್ಯಾನ್ಸರ್ ಎಂದರು. ಗಂಟು ಕೆತ್ತಿ ತೆಗೆದರು. ಇದು ಮತ್ತೆ ಮತ್ತೆ ಮೊಳೆಯುವ ಜಾತಿಯದು, ಆಗಾಗ ಬಂದು ಒಳಗೆ ಕ್ಯಾಮೆರಾ ಹಾಕಿಸಿಕೊಂಡು ನೋಡಿಸಬೇಕು ಎಂದರು. ದವಾಖಾನೆಯಲ್ಲಿ ಎದುರಾದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ಬೀಡಿ ಸೇದುತ್ತಿದ್ದಿರಾ ಎಂದು. ಸೋನಾಬಾಯಿಯ ಮೈಯೆಲ್ಲ ಉರಿದುಹೋಗುತ್ತಿತ್ತು. "ಉಳ್ಳಾಗಡ್ಡಿ ಸೈತ ಮುಟ್ಟಲಾರದ ಮನಿಶಾರೀ ಇವ್ರು," ಎಂದು ಹೇಳಿ ಹೇಳಿ ಅವಳ ಬಾಯಿ ನೋಯುತ್ತಿತ್ತು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದಿದ್ದರೂ ಸಿಟ್ಟಂತೂ ಬರುತ್ತಿತ್ತು.

ಡಾಕ್ಟರು ಹೇಳಿದ ಪಥ್ಯ ಒಂದೇ. ನೀರು ಕುಡಿಯಬೇಕು, ದಿನವಿಡೀ ಕುಡಿಯಬೇಕು, ಸಂಜೆಯೂ ಬಿಡಬಾರದು. ತೊಡಕು ಇದ್ದದ್ದು ಸಂಜೆ ಎಂಬಲ್ಲಿಯೇ. ಹಿಂದೊಂದು ಚಾತುರ್ಮಾಸದಲ್ಲಿ ಊರಿಗೆ ಬಂದಿದ್ದ ಜೈನ ಮುನಿಗಳ ಮುಂದೆ ಗಂಡಹೆಂಡತಿ ಇಬ್ಬರೂ ಕೈಮುಗಿದು ನೇಮ ಹಿಡಿದಿದ್ದರು: ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರಿಲ್ಲ. ಅಂದಿನಿಂದ ಒಂದು ದಿನವೂ ತಪ್ಪಿರಲಿಲ್ಲ. ಹಾಗಾಗಿ ಸಂಜೆಯ ನೀರನ್ನೂ ಹಗಲಲ್ಲೇ ಕುಡಿಸಿ ಮುಗಿಸಬೇಕೆಂದು ಸೋನಾಬಾಯಿ ಹಟ ತೊಟ್ಟಳು. ಕಾಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ದೊಡ್ಡ ಬಾಟಲಿ ತುಂಬಿ ಅಂಗಡಿಗೆ ಕಳಿಸುವಳು. ಖಾಲಿ ಬಾಟಲಿ ಮನೆಗೆ ಬಂದಾಗ ಸಮಾಧಾನ ಪಡುವಳು. ಒಂದು ಮಧ್ಯಾಹ್ನ ಏನೋ ನೆನಪಾಗಿ ತಾನೇ ಅಂಗಡಿಗೆ ಹೋದರೆ, ಗಂಡ ಹಿಂಬಾಗಿಲಲ್ಲಿ ನಿಂತು ಬಾಟಲಿಯನ್ನು ಗಟಾರಕ್ಕೆ ಬಗ್ಗಿಸುತ್ತಿದ್ದ.

"ಗಟಾರಕ್ಕ ಬ್ಯಾನಿ ಬಂದೈತೇನ್ರಿ?" ಎಂದಳು. ಅವನು ಬಾಟಲಿಗೆ ಮುಚ್ಚಳ ಹಾಕಿ ಗಿರಾಕಿಯ ಕಡೆ ಹೋದ.

ಹಿಂದಿನ ಸಲದ ತಪಾಸಣೆಯ ಮರುದಿನ ಇದರ ಫಲ ಉಂಡದ್ದೂ ಆಗಿತ್ತು. ರಕ್ತ ಹೆಪ್ಪುಗಟ್ಟಿ ಮೂತ್ರವೇ ಕಟ್ಟಿಹೋಗಿ, ಗಾಡಿಯಲ್ಲಿ ಉದ್ದಕ್ಕೂ ಚೀರಾಡುತ್ತ ಬೆಳಗಾವಿ ಸೇರಿದ್ದ. ನಳಿಕೆ ತುರುಕಿ ಬಿಡಿಸಬೇಕಾಯಿತು. ಆ ಚೀರಾಟ ಸೋನಾಬಾಯಿಯ ಕಿವಿಯಿಂದ ಹೋಗಿರಲಿಲ್ಲ. ಅನುಭವಿಸಿದವನು ಮಾತ್ರ ಮರೆತವನಂತೆ ಇದ್ದ.

ಈ ಸಲ ಬೆಳಿಗ್ಗೆಯೇ ಹೋಗಿ ಕುಳಿತರೂ ಡಾಕ್ಟರು ಯಾವುದೋ ತುರ್ತು ಆಪರೇಷನ್ನಿನಲ್ಲಿ ಸಿಕ್ಕಿಕೊಂಡು, ಇವರ ಪಾಳಿ ಬಂದದ್ದು ಹೊತ್ತಿಳಿದ ಮೇಲೆ. ಒಳಗೆ ಸಣ್ಣದೊಂದು ಕಂಡಿತಂತೆ, ಚಿವುಟಿ ತೆಗೆದರಂತೆ. "ಇವತ್ತು ರಾತ್ರಿ ಚಲೋತ್ನಂಗ ನೀರು ಕುಡಸ್ರಿ ಅಮ್ಮಾರ, ಇಲ್ಲಾಂದ್ರ ಹೋದ ಸಲದಂಗ ಕಟ್ಟತೈತಿ," ಎಂದು ನರ್ಸ್ ಸಪ್ನಾ ಬಾಗಿಲವರೆಗೂ ಬಂದು ಹೇಳಿದಳು. ಬೆಳಗಾವಿಯಲ್ಲೇ ರಾಮತೀರ್ಥ ನಗರದಲ್ಲಿದ್ದ ಮಗಳು ಪೂನಮ್ ಫೋನ್ ಮಾಡಿ, ರಾತ್ರಿ ಇಲ್ಲೇ ಇರಿ ಎಂದು ಗೋಗರೆದಳು.

"ಮಗಳ ಮನ್ಯಾಗ ಹೋಗಿ ರಕ್ತ ಹೊಯ್ಯಲೇನು? ನಡಿ ಊರಿಗೆ," ಎಂದ ಪದ್ಮಾಕರ.

ಬಸ್ ಸ್ಟ್ಯಾಂಡಿನಲ್ಲಿ ದೀಪಗಳು ಹತ್ತಿದ್ದವು. ಸೋನಾಬಾಯಿ ಬಾಟಲಿ ತೆಗೆದು ಹಿಡಿದಳು.

"ಹೊತ್ತು ಮುಳಗೈತಿ," ಎಂದ.

"ಮುಳಗಿದ್ದು ನನಗೂ ಕಾಣತೈತ್ರಿ. ಕುಡೀರಿ. ಬ್ಯಾನಿಯಾಗ ದೋಷ ಇಲ್ಲಂತ ಬಸದಿ ಪಂಡಿತರು ಹೇಳ್ಯಾರಲ್ಲ?"

"ಅದು ಔಷಧಕ್ಕ ಹೇಳಿದ್ದು. ನೀರು ಔಷಧ ಅಲ್ಲ."

"ನಿಮಗ ನೀರ ಔಷಧ!"

ಅವನು ಬೇರೆ ಕಡೆ ಮುಖ ಮಾಡಿದ. ಹಾಗೆಯೇ ಸಣ್ಣ ದನಿಯಲ್ಲಿ, "ಬಸ್ಸಿನ್ಯಾಗ ತಡ್ಯಾಕಾಗಲಿಲ್ಲಂದ್ರ? ಇಷ್ಟು ಮಂದಿ ಮುಂದ?" ಎಂದ.

"ಅಂದ್ರ ಇದು ನೇಮ ಅಲ್ಲ, ನಾಚಿಕಿ!"

"ನೇಮಾನೂ ಐತಿ," ಎಂದ.

ಸೋನಾಬಾಯಿಗೆ ಅಳು ಬಂದಿತ್ತು, ಅದಕ್ಕಿಂತ ಹೆಚ್ಚು ರೋಷ ಬಂದಿತ್ತು. ವರ್ಷದಿಂದ ಕಾಯಿಸಿದ್ದು, ಸೋಸಿದ್ದು, ಗದರಿದ್ದು, ಬೇಡಿದ್ದು ಎಲ್ಲ ಗಟಾರಕ್ಕೆ ಹೋದಂತಾಗಿತ್ತು. "ನೇಮ ಅಂತೀರಲಾ, ನೋಡ್ರಿ ಹಂಗಾರ," ಎಂದು ಬಾಟಲಿಯನ್ನು ಬಾಯಿಗೆ ಎತ್ತಿ, ಅವನ ಮುಖ ನೋಡುತ್ತಲೇ ಗಟಗಟ ಕುಡಿದಳು. ಸೀರೆಯ ಮೇಲೆಲ್ಲ ಚೆಲ್ಲಿತು. ಖಾಲಿಯಾಗುವವರೆಗೂ ನಿಲ್ಲಿಸಲಿಲ್ಲ. ಇಷ್ಟು ವರ್ಷ ಕಾಪಾಡಿಕೊಂಡ ನೇಮವನ್ನು ಒಂದು ಹಟಕ್ಕೆ ಕಳೆದುಕೊಂಡಳು. ಪದ್ಮಾಕರ ಬಾಯಿ ತೆರೆದವನು ಹಾಗೇ ನೋಡುತ್ತ ಕುಳಿತ.

ಬಸ್ಸು ಊರು ದಾಟಿ ಹೊರಬೀಳುವುದೇ ತಡವಾಯಿತು. ಪೀರನವಾಡಿಯ ಹೊತ್ತಿಗೆ ಸೋನಾಬಾಯಿ ಕಾಲ ಮೇಲೆ ಕಾಲು ಹಾಕಿಕೊಂಡಳು. ದವಾಖಾನೆಯ ಸಂಡಾಸಿಗೆ ಹೇಸಿ ಬೆಳಗಿನಿಂದ ಹೋಗಿಯೇ ಇರಲಿಲ್ಲ, ಮೇಲೆ ಈ ಬಾಟಲಿ. ಮಚ್ಛೆ ದಾಟುವಷ್ಟರಲ್ಲಿ ಮುಂದಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು. ಬೆವರಿದ್ದಳು. ತುಂಬಿದ ಬಸ್ಸು, ಎಲ್ಲ ಗಂಡಸರು. ಸತ್ತರೂ ಬಾಯಿಬಿಟ್ಟು ಹೇಳಲಾರಳು.

"ಏನಾತು?" ಎಂದ ಪದ್ಮಾಕರ.

ಅವಳು ಹಲ್ಲು ಕಚ್ಚಿಕೊಂಡು ತಲೆ ಅಲ್ಲಾಡಿಸಿದಳು. ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ವರ್ಷದಿಂದ ಅವನೂ ಹಾಗೆಯೇ ಸರಳು ಹಿಡಿದು ಕೂತವನು. ತಟ್ಟನೆ ಎದ್ದು, ನಿಂತಿದ್ದ ಮಂದಿಯ ನಡುವೆ ದಾರಿ ಮಾಡಿಕೊಂಡು ಮುಂದೆ ಹೋದ.

"ಕಂಡಕ್ಟರ್ ಸಾಹೇಬ್ರ, ಗಾಡಿ ನಿಲ್ಲಸ್ರಿ."

"ಇಲ್ಲಿ ಸ್ಟಾಪ್ ಇಲ್ರಿ ಕಾಕಾ. ಏನಾಗೈತಿ?"

ಪದ್ಮಾಕರ ಒಮ್ಮೆ ತಿರುಗಿ ಹೆಂಡತಿಯ ಕಡೆ ನೋಡಿದ. ಆಮೇಲೆ ಇಡೀ ಬಸ್ಸಿಗೆ ಕೇಳುವಂತೆ ಹೇಳಿದ: "ನನಗ ಮೂತ್ರದ ಚೀಲದ ಕ್ಯಾನ್ಸರ್ ಐತ್ರಿ. ತಡ್ಯಾಕ ಆಗೂದಿಲ್ಲ. ನಮ್ಮ ಮನ್ಯಾಕಿ ಜೋಡಿ ಬರಬೇಕು, ಒಬ್ಬಾಂವಗ ನಿಲ್ಲಾಕಾಗೂದಿಲ್ಲ. ನಿಲ್ಲಸ್ರಿ."

ಬಸ್ಸು ನಿಂತಿತು. ಯಾರೋ ಅವನ ಕೈ ಹಿಡಿದು ಇಳಿಸಿದರು. ಸೋನಾಬಾಯಿ ಕತ್ತಲಲ್ಲಿ ಪೊದೆಯ ಹಿಂದಕ್ಕೆ ಓಡಿದಳು. ಅವನು ಇತ್ತ ಕಡೆ ರಸ್ತೆಗೆ ಬೆನ್ನು ಮಾಡಿ ಕಾವಲು ನಿಂತ. ಆಮೇಲೆ ತಾನೂ ಹೋಗಿ ಬಂದ, ಉರಿಗೆ ಮುಖ ಹಿಂಡಿಕೊಂಡು.

ಮತ್ತೆ ಬಸ್ಸು ಹತ್ತುವಾಗ ಕೈ ಚಾಚಿ, "ಬಾಟಲಿ ಕೊಡಿಲ್ಲೆ," ಎಂದ.

"ಎಲ್ಲೈತ್ರಿ? ಎಲ್ಲಾ ನಾನ ಕುಡದೆನಲ್ಲ!" ಎಂದವಳಿಗೆ ದುಃಖ ಒತ್ತರಿಸಿ ಬಂತು. ಬೇಡ ಬೇಡವೆಂದವನು ಬೇಕೆಂದಾಗ ಹನಿ ನೀರಿಲ್ಲ.

ಕಂಡಕ್ಟರು ತನ್ನ ಸೀಟಿನ ಕೆಳಗಿನ ಬಾಟಲಿ ಎತ್ತಿಕೊಟ್ಟ. ಅದು ಯಾವ ನಲ್ಲಿಯದೋ, ಕಾಯಿಸಿದ್ದಲ್ಲ, ಸೋಸಿದ್ದಲ್ಲ. ಪದ್ಮಾಕರ ಅದನ್ನು ದೀಪಕ್ಕೆ ಹಿಡಿದು ನೋಡಿದ, ಕಣ್ಣು ಮುಚ್ಚಿ ಏನೋ ಗುನುಗಿದ, ಎತ್ತಿ ಕುಡಿಯತೊಡಗಿದ. ಅರ್ಧಕ್ಕೆ ನಿಲ್ಲಿಸಿ ಕಂಡಕ್ಟರನಿಗೆ, "ಖಾನಾಪುರ ಬರೂದ್ರಾಗ ಇನ್ನೊಮ್ಮೆ ನಿಲ್ಲಸಬೇಕಾಕ್ಕೈತ್ರಿ," ಎಂದ.

"ನಿಲ್ಲಸೂಣ ತಗೋರಿ ಕಾಕಾ."

ಸೋನಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. "ಇಷ್ಟು ಮಾತಾಡಾಕ ನಿಮಗ ವರ್ಷ ಬೇಕಾತೇನ್ರಿ?" ಎಂದಳು. ಅವನು ಮತ್ತೆ ಬಾಟಲಿ ಎತ್ತಿದ್ದ, ಬಾಯಲ್ಲಿ ನೀರು ತುಂಬಿತ್ತು.