ಮೀಟರಿನ ಹಣೆಗೆ ಕುಂಕುಮ

ನಮ್ಮ ಮನೆಯ ಮಿಕ್ಸರಿಗೆ ಒಂದು ಪುಟ್ಟ ದೀಪವಿದೆ. ಇತ್ತು ಎನ್ನುವುದೇ ಸರಿ, ಏಕೆಂದರೆ ಕಳೆದ ಆಯುಧಪೂಜೆಯ ದಿನ ನನ್ನ ಹೆಂಡತಿ ಸುಮಾ ಗುರಿಯಿಟ್ಟವಳಂತೆ ಸರಿಯಾಗಿ ಅದರ ಮೇಲೆಯೇ ಕುಂಕುಮ ಹಚ್ಚಿದ್ದಾಳೆ. ಅದು ಉರಿಯುತ್ತಿದೆಯೋ ಇಲ್ಲವೋ ಆ ದೇವರಿಗೇ ಗೊತ್ತು. ಈ ಪರದೇಶದಲ್ಲಿ, ಎಜ್‌ವೇರಿನ ನಮ್ಮ ಫ್ಲ್ಯಾಟಿನಲ್ಲಿ ಕೆಟಲ್ಲು, ಫ್ರಿಜ್ಜು, ಕೊನೆಗೆ ನನ್ನ ಸ್ಕ್ರೂಡ್ರೈವರಿನ ಚೀಲವೂ ಮುತ್ತೈದೆಯರ ಹಾಗೆ ಕಂಗೊಳಿಸುತ್ತವೆ. "ಒರೆಸಿಬಿಡ್ತೀನಿ ನೋಡು" ಎಂದು ನಾನು ಗೊಣಗುವುದೂ, "ಮುಟ್ಟಿ ನೋಡೋಣ" ಎಂದು ಅವಳು ಕಣ್ಣು ಬಿಡುವುದೂ ನಮ್ಮ ದಾಂಪತ್ಯದ ನಿತ್ಯಕರ್ಮವಾಗಿತ್ತು.

ನನ್ನ ಸಿಡಿಮಿಡಿಗೆ ಕಾರಣವಿದೆ. ದೀಪ ನೋಡುವುದೇ ನನ್ನ ಹೊಟ್ಟೆಪಾಡು. ಕಾರ್ಖಾನೆಗಳಲ್ಲಿ ಕರೆಂಟು ಎಷ್ಟು ಹರಿಯುತ್ತಿದೆಯೆಂದು ಅಳೆಯುವ ಮೀಟರುಗಳು ಕೈಕೊಟ್ಟಾಗ ಹೋಗಿ ನೋಡುವವನು ನಾನು. ಅಂಥ ಮೀಟರಿನ ಮೇಲೆ ಅಂಕಿಯ ಜೊತೆಗೆ ಮೂರು ದೀಪಗಳಿರುತ್ತವೆ, ಬರುವ ಮೂರು ತಂತಿಗಳಿಗೆ ಒಂದೊಂದರಂತೆ. ತಂತಿಯಲ್ಲಿ ಕರೆಂಟು ಸರಿಯಾಗಿ ಹರಿಯುತ್ತಿದ್ದರೆ ಹಸಿರು, ಇಲ್ಲವಾದರೆ ಕೆಂಪು. ಜನ ಅಂಕಿಯನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ. ನಾನು ಮೊದಲು ದೀಪ ನೋಡುತ್ತೇನೆ. ಕರೆಂಟು ಎಷ್ಟು ಎಂದು ಅಂಕಿ ಹೇಳುತ್ತದೆ, ಆ ಅಂಕಿಯನ್ನು ನಂಬಬಹುದೇ ಎಂದು ದೀಪ ಹೇಳುತ್ತದೆ. ಮನುಷ್ಯರಿಗೂ ಇಂಥದೊಂದು ದೀಪವಿದ್ದಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತೋ ಎಂದು ಎಷ್ಟೋ ಸಲ ಅನ್ನಿಸಿದೆ.

ಇಲ್ಲೇ ಸ್ವಲ್ಪ ದೂರದ ಹೇಸ್‌ನಲ್ಲಿ ಜೋಳ ಬೀಸುವ ಒಂದು ಸಣ್ಣ ಗಿರಣಿಯಿದೆ. ವಿಜಯಪುರದ ಕಸ್ತೂರಕ್ಕ ಮತ್ತು ಅವರ ಯಜಮಾನರು ಸೇರಿ ಕಟ್ಟಿದ್ದು; ಕಳೆದ ಚಳಿಗಾಲದಲ್ಲಿ ಯಜಮಾನರು ತೀರಿಕೊಂಡ ಮೇಲೆ ಅಕ್ಕ ಒಬ್ಬರೇ ನಡೆಸುತ್ತಿದ್ದಾರೆ. ಮೊನ್ನೆ ಒಂದು ಬೆಳಿಗ್ಗೆ ಅವರ ಫೋನು ಬಂತು.

"ಗಿರಣಿ ಯಾಕೋ ನರಳಾಕತ್ತದ್ರಿ. ಮೋಟಾರು ಮುಟ್ಟಿದ್ರ ಕೈ ಸುಡತದ."

"ಮೀಟರಿನ ಮೇಲೆ ಮೂರು ದೀಪ ಇದೆಯಲ್ಲಕ್ಕ, ಯಾವ ಬಣ್ಣ?"

"ಮೂರೂ ಕೆಂಪ ಅದಾವರಿ."

ಮೂರೂ ಕೆಂಪಾದರೆ ಗಿರಣಿ ನರಳುವ ಮಾತೇ ಇಲ್ಲ, ಸುಮ್ಮನೆ ನಿಂತಿರಬೇಕು. ಒಂದು ತಂತಿ ಸತ್ತು ಉಳಿದೆರಡೇ ಭಾರ ಎಳೆಯುವಾಗಷ್ಟೇ ಮೋಟಾರು ಹೀಗೆ ಬಿಸಿಯಾಗಿ ಕೊನೆಗೆ ಸುಟ್ಟುಹೋಗುವುದು. ಈಗಲೇ ನಿಲ್ಲಿಸಿಬಿಡಿ ಎಂದು ಹೇಳಿ ಚೀಲ ಹೆಗಲಿಗೇರಿಸಿದೆ.

ಹೋಗಿ ನೋಡಿದರೆ ಮೂರೂ ಕೆಂಪೇ, ಆದರೆ ದೀಪದ ಕೆಂಪಲ್ಲ. ಮೂರರ ಮೇಲೂ ಎಣ್ಣೆಯಲ್ಲಿ ಕಲಸಿದ ಕುಂಕುಮ ದಪ್ಪಗೆ ಒಣಗಿ ಕೂತಿತ್ತು. ಮನೆಯಲ್ಲೂ ಇದೇ ಪಾಡು, ಇಲ್ಲೂ ಇದೇ ಎಂದು ನಗುತ್ತ ಚೀಲದಿಂದ ಬಟ್ಟೆ ತೆಗೆದೆ. ಕಸ್ತೂರಕ್ಕ ನಗಲಿಲ್ಲ.

"ಅವರು ಹಚ್ಚಿದ್ದರಿ" ಎಂದರು, "ಹೋದ ಆಯುಧಪೂಜಿಗೆ."

ಹತ್ತಿರದಿಂದ ನೋಡಿದೆ. ಒಂದೊಂದು ಬೊಟ್ಟಿನಲ್ಲೂ ಬೆರಳಿನ ಗೆರೆಗಳು ಹಾಗೇ ಮೂಡಿದ್ದವು. ಬಟ್ಟೆ ಹಿಡಿದ ಕೈ ಹಿಂದಕ್ಕೆ ಬಂತು. ಗಂಡ ತೀರಿಕೊಂಡ ಹೆಣ್ಣುಮಗಳ ಎದುರು ನಿಂತು ಕುಂಕುಮ ಒರೆಸುವುದೆಂದರೆ ನಮ್ಮಲ್ಲಿ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

"ಒರೆಸೋದು ಬೇಡಕ್ಕ. ನನ್ನ ಹತ್ರ ಅಳೆಯೋ ಸಾಧನ ಇದೆ, ಒಳಗಿನಿಂದಲೇ ಕಂಡುಹಿಡೀತೀನಿ."

ಅಕ್ಕ ಮೀಟರಿನ ಹತ್ತಿರಕ್ಕೆ ಬಂದರು.

"ಇವತ್ತ ನೀವು ಬಂದೀರಿ. ನಾಳೆ ಮತ್ತ ಹಿಂಗಾದ್ರ ನನಗ ಕಾಣಬೇಕಲ್ಲರಿ."

ನನ್ನ ಕೈಯಿಂದ ಬಟ್ಟೆಯನ್ನು ತೆಗೆದುಕೊಳ್ಳಲಿಲ್ಲ. ತಮ್ಮ ಸೆರಗನ್ನು ಒದ್ದೆ ಮಾಡಿಕೊಂಡು, ಮಗುವಿನ ಮುಖ ಒರೆಸುವಷ್ಟು ಮೆಲ್ಲಗೆ ತಾವೇ ಒರೆಸಿದರು. ಗಿರಣಿಯನ್ನು ಒಂದು ಗಳಿಗೆ ನಡೆಸಿದೆವು. ಹಸಿರು, ಹಸಿರು, ಕೆಂಪು. ಮೂರನೆಯ ತಂತಿ ಒಳಗೆ ಸಡಿಲಾಗಿ ಕರಕಲಾಗಿತ್ತು. ಕರೆಂಟು ಆರಿಸಿ, ತುದಿ ಕತ್ತರಿಸಿ ಬಿಗಿ ಮಾಡಿ ಮತ್ತೆ ನಡೆಸಿದ್ದೇ ಮೂರೂ ಹಸಿರಾದವು, ಗಿರಣಿಯ ನರಳಾಟ ನಿಂತಿತು. ಅಕ್ಕ ದೇವರ ಫೋಟೊದ ಮುಂದಿನ ಕುಂಕುಮದ ಬಟ್ಟಲು ತಂದು, ದೀಪಗಳ ಕೆಳಗೆ, ಮುಚ್ಚದಷ್ಟು ದೂರದಲ್ಲಿ, ತಾವೇ ಒಂದು ಬೊಟ್ಟಿಟ್ಟರು. ಬೆರಳಲ್ಲಿ ಕುಂಕುಮ ಉಳಿದಿತ್ತು. ಅದನ್ನೇನು ಮಾಡುವುದೆಂದು ತಿಳಿಯದವರಂತೆ ಬೆರಳನ್ನು ನೋಡಿಕೊಂಡು, ಆಮೇಲೆ ತಮ್ಮ ಹಣೆಗೇ ಒತ್ತಿಕೊಂಡು ನನಗೆ ಚಹಾ ಇಡಲು ಹೋದರು.

ಟ್ಯೂಬ್ ರೈಲಿನಲ್ಲಿ ಮರಳುವಾಗ ದಾರಿಯುದ್ದಕ್ಕೂ ಆ ಸೆರಗಿನ ಕೆಂಪು ಕಲೆಯೇ ಕಣ್ಣ ಮುಂದಿತ್ತು. ಉಳಿಸಿಕೊಳ್ಳುವುದೇ ಪ್ರೀತಿ ಎಂದುಕೊಂಡಿದ್ದೆ. ಗಂಡನ ಗಿರಣಿ ಉಳಿಯಲಿ ಎಂದು ಗಂಡನ ಬೆರಳಿನ ಗುರುತನ್ನು ಬಿಟ್ಟುಕೊಟ್ಟವರನ್ನು ಕಂಡ ಮೇಲೆ ಹಾಗೆ ಹೇಳಲು ನಾಲಗೆ ಏಳುವುದಿಲ್ಲ.

ಮನೆಗೆ ಬಂದು ಮಿಕ್ಸರಿನ ಮುಂದೆ ಬಗ್ಗಿ ನಿಂತೆ. ಅಲ್ಲಿಯೂ ಬೆರಳಿನ ಗೆರೆಗಳಿದ್ದವು. ಇಷ್ಟು ದಿನ ಕಂಡಿರಲಿಲ್ಲ.

"ಏನು, ಒರೆಸ್ತೀರಾ?" ಎಂದಳು ಸುಮಾ, ಈರುಳ್ಳಿ ಹೆಚ್ಚುತ್ತ.

"ಇಲ್ಲ, ಇರಲಿ" ಎಂದೆ.

ಕಸ್ತೂರಕ್ಕನಿಗೆ ದೀಪ ಕಾಣಲೇಬೇಕಿತ್ತು. ನನಗೇನು ಅವಸರ? ಮಿಕ್ಸರು ಕೆಟ್ಟರೆ ಕೂಗಿ ಹೇಳುವವಳು ಇನ್ನೂ ಅಡುಗೆಮನೆಯಲ್ಲೇ ಇದ್ದಾಳೆ.