ನೆಲದೊಳಗಿನ ತೊಟ್ಟಿ

ಸೊಳ್ಳೆಯೊಂದು ಕಿವಿಯ ಬಳಿ ಸುಳಿದರೆ ಇತರರು ಅದನ್ನು ಹೊಡೆಯುತ್ತಾರೆ; ನಾನು ಮಲೇರಿಯಾದಿಂದ ಆರಂಭಿಸಿ ನನ್ನ ತಿಥಿಯ ಅಡುಗೆಯವರೆಗೂ ಯೋಚಿಸಿ ಮುಗಿಸಿರುತ್ತೇನೆ. ಚಿಂತೆಯೂ ಒಂದು ವಿದ್ಯೆ, ಅದರಲ್ಲಿ ನಾನು ಪಾರಂಗತ ಎಂಬ ಜಂಬ ನನಗಿತ್ತು. ತೊಂಬತ್ತರ ದಶಕದ ಒಂದು ಸ್ವಾತಿ ಮಳೆ ಅದನ್ನು ಇಳಿಸಿತು.

ಕಿರಂಗೂರಿನ ನಮ್ಮ ಗದ್ದೆಗೆ ನಾಲೆ ಬಂದ ಮೇಲೆ, ಬಸಿನೀರು ಅಡಿಯ ಉಪ್ಪನ್ನು ಮೇಲೆತ್ತಿ ನೆಲಕ್ಕೆಲ್ಲ ಸುಣ್ಣ ಬಳಿದಂತೆ ಚೌಳು ಕೂತಿತ್ತು. ನಾಲೆ ನಿಂತ ದಿನಗಳಲ್ಲಿ ಬಾವಿಯೇ ಗತಿ. ಅದರ ನೀರೂ ಉಪ್ಪು. ಗದ್ದೆ ನೋಡಿಕೊಳ್ಳುತ್ತಿದ್ದ ತಮ್ಮ ಜವರ, "ಈ ಸಲಾನೂ ಸಸಿ ಸುಟ್ಟೋದ್ರೆ ಕ್ಯಾತನಹಳ್ಳಿ ಆಲೆಮನೇಲಿ ಒಲೆಗೆ ಉರಿ ಆಕೋಕೆ ಓಯ್ತೀನಿ ಕಣಣ್ಣ" ಎಂದಿದ್ದ. ಪಾಂಡವಪುರದಲ್ಲಿ ಮೇಷ್ಟರಾಗಿದ್ದ ನಾನು, ಕರಾವಳಿಯ ಉಪ್ಪುನೆಲದ ರೈತರು ಮಳೆನೀರನ್ನು ನೆಲದಡಿ ಕೂಡಿಟ್ಟು ಬೆಳೆ ಉಳಿಸಿಕೊಂಡ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಗದ್ದೆಯ ಮೂಲೆಯಲ್ಲಿ ಸಿಮೆಂಟು ತೊಟ್ಟಿ ಹೂಳಿಸಿದೆ. ಕೊಟ್ಟಿಗೆಯ ಹೆಂಚಿನಿಂದ ಇಳಿದ ಹಸ್ತ, ಚಿತ್ತೆ ಮಳೆಗೆ ಅದು ತುಂಬಿತು. ಆ ನೀರನ್ನೇ ನೆಚ್ಚಿ ಜವರ ಬದನೆ ಸಸಿಗೆ ಮಡಿ ಮಾಡಿದ.

ಒಂದು ಭಾನುವಾರ ಬಗ್ಗಿ ನೋಡುತ್ತೇನೆ: ತೊಟ್ಟಿಯ ತುಂಬ ಸೊಳ್ಳೆಮರಿ. ನೀರು ಚೆಲ್ಲಿಸಿ, ತಿಕ್ಕಿಸಿ, ಸುಣ್ಣ ಹೊಡೆಸಿದೆ.

"ಇರೋ ನೀರ್ನೂ ಚೆಲ್ಲಾದಾ?" ಎಂದ ಜವರ.

"ಸ್ವಾತಿ ಇದೆಯಲ್ಲ, ತುಂಬುತ್ತೆ" ಎಂದೆ. ಅಣ್ಣನೆಂಬ ಒಂದೇ ಕಾರಣಕ್ಕೆ ಅವನು ಬಕೆಟ್ಟು ಹಿಡಿದು ತೊಟ್ಟಿಗಿಳಿದ.

ಪಕ್ಕದ ಗದ್ದೆಯ ಕೆಂಪಣ್ಣ ಮಾತ್ರ, "ಬುಡ್ಲಾ ಜವರ, ನಾಳೆ ನಾಲೆಗೂ ಸೋಪಾಕುಸ್ತಾರೆ ಮೇಷ್ಟ್ರು" ಎಂದು ನಕ್ಕ.

ಸ್ವಾತಿ ಮಾತು ತಪ್ಪಲಿಲ್ಲ. ಮರುದಿನವೇ ಸುರಿಯಿತು, ನಾಲೆಗೂ ನೀರು ಬಿಟ್ಟರು. ಸುಣ್ಣ ಒಣಗಲೆಂದು ಹೆಂಚಿನ ನೀರನ್ನು ತೊಟ್ಟಿಗಿಳಿಸುವ ಕೊಳವೆಯನ್ನು ನಾನೇ ತೆಗೆಸಿದ್ದರಿಂದ ತೊಟ್ಟಿ ಬರಿದಾಗಿಯೇ ಇತ್ತು. ಅಡಿಯ ಉಪ್ಪುನೀರು ಉಬ್ಬಿ, ನೀರಿಲ್ಲದೆ ಹಗುರಾಗಿದ್ದ ತೊಟ್ಟಿಯನ್ನು ದೋಣಿಯಂತೆ ಮೇಲೆತ್ತಿ, ಓರೆ ಮಾಡಿ, ಎರಡು ಹೋಳು ಮಾಡಿತು. ಹಸು ಬಿದ್ದೀತು, ಮಗು ಬಿದ್ದೀತು ಎಂದೆಲ್ಲ ಹೆದರಿದ್ದವನಿಗೆ, ನೀವೇ ಹೇಳಿ, ತೊಟ್ಟಿಯೇ ಎದ್ದೀತೆಂದು ಹೊಳೆಯಬೇಡವೇ? ನನ್ನ ಭಯಗಳೆಲ್ಲ ಮೇಲಿನಿಂದ ಬೀಳುವಂಥವು. ಕಾಲಡಿಯದನ್ನು ಶಂಕಿಸುವಷ್ಟು ವಿದ್ಯೆ ನನಗೆ ದಕ್ಕಿರಲಿಲ್ಲ.

ನಾಲೆ ನಿಂತಿತು. ಬಾವಿ ನೀರು ಕುಡಿದ ಸಸಿಗಳ ಎಲೆಯಂಚು ಕಂದಿತು, ವಾರದಲ್ಲಿ ಮಡಿ ಬೋಳಾಯಿತು. ಜವರ ಗುದ್ದಲಿಯನ್ನು ಕೊಟ್ಟಿಗೆಯಲ್ಲಿಟ್ಟು, ಹೇಳಿದ್ದಂತೆಯೇ ಆಲೆಮನೆಗೆ ಹೊರಟುಹೋದ.

ಸಂಕ್ರಾಂತಿ ಕಳೆದು ಕ್ಯಾತನಹಳ್ಳಿಗೆ ಹೋದೆ. ಆಲೆಮನೆಯ ಒಲೆಯ ಮುಂದೆ ಕಬ್ಬಿನ ಸಿಪ್ಪೆ ತುರುಕುತ್ತಿದ್ದ ಜವರ ಎದ್ದು, ಮಸಿಗೈಯನ್ನು ಪಂಚೆಗೆ ಒರೆಸಿಕೊಂಡು, ಬಿಸಿ ಬೆಲ್ಲದ ಒಂದು ಚೂರು ತಂದಿತ್ತ. ನಾನು ಕೈಯಲ್ಲೇ ಹಿಡಿದು ನಿಂತೆ.

"ತಿನ್ನಣ್ಣ, ಉಪ್ಪಿಲ್ಲ" ಎಂದ. "ನಮ್ ಗದ್ದೆ ಕಬ್ಬಲ್ಲ ಇದು."

ತಿಂದೆ. ನಿಜ, ಉಪ್ಪಿರಲಿಲ್ಲ.