ಬೋಗುಣಿಯ ಕೆಳಗಿನ ಹೆಜ್ಜೆ

ಸಾಲ್ಕಳಿಗೆ ಮನುಷ್ಯರ ಮುಖಕ್ಕಿಂತ ಮೊದಲು ಅವರ ಹೆಜ್ಜೆಯ ಗುರುತು ಹತ್ತುತ್ತಿತ್ತು. ಅದರಲ್ಲಿ ಅವಳ ಹೆಚ್ಚುಗಾರಿಕೆ ಏನೂ ಇಲ್ಲ. ಅವಳು ಹುಟ್ಟಿ ಬೆಳೆದ ಮರಳುಗಾಡಿನ ಬಿಡಾರದಲ್ಲಿ ಎಲ್ಲರೂ ಹಾಗೆಯೇ. ಬೆಳಿಗ್ಗೆ ಗುಡಾರದಿಂದ ತಲೆ ಹೊರಗೆ ಹಾಕಿದರೆ ಸಾಕು, ಯಾರು ಯಾರ ಬಾಗಿಲಿಗೆ ಹೋಗಿದ್ದರು, ಯಾರು ಜಗಳವಾಡಿ ಅರ್ಧ ದಾರಿಯಿಂದ ತಿರುಗಿ ಬಂದರು ಎಂಬುದೆಲ್ಲ ಮರಳಿನ ಮೇಲೆ ಬಟಾಬಯಲು. ಗುಟ್ಟು ಮಾಡುವ ಚಪಲ ಇದ್ದವರು ಬಂಡೆಯಿಂದ ಬಂಡೆಗೆ ಜಿಗಿಯುತ್ತ ಹೋಗಬೇಕಿತ್ತು. ಹಮ್ಮೂದ್ ಅವಳನ್ನು ನೋಡಲು ಬಂದಾಗ ಅವಳ ಸೋದರತ್ತೆಯಂದಿರು ಗಂಡಿನ ಮುಖ ನೋಡುವ ಮೊದಲೇ ಬಾವಿಕಟ್ಟೆಯ ಹತ್ತಿರ ಅವನ ಹೆಜ್ಜೆ ನೋಡಿ ತೀರ್ಪು ಕೊಟ್ಟಿದ್ದರು.

"ಎಡಗಾಲಿನ ಕಿರುಬೆರಳು ನೆಲಕ್ಕೇ ತಾಗಲ್ಲ ಕಣೇ. ಜಂಬದ ಕೋಳಿ ಇರಬೇಕು."

"ಜಂಬ ಇದ್ರೇನು, ಹಿಮ್ಮಡಿ ನೋಡು, ಗಟ್ಟಿಯಾಗಿ ಊರ್ತಾನೆ. ಬಿಟ್ಟು ಓಡೋ ಗಂಡಲ್ಲ, ಒಪ್ಕೊ."

ಸಾಲ್ಕ ಒಪ್ಪಿಕೊಂಡಳು. ಮಗ ಯೆಸ್ಲೆಮ್ ನಡೆಯಲು ಕಲಿತ ದಿನ ಅವನ ಎಡಗಾಲಿನ ಕಿರುಬೆರಳೂ ನೆಲ ಮುಟ್ಟಲಿಲ್ಲ. ಮರಳಿನ ಮೇಲೆ ಪುಟ್ಟ ಪುಟ್ಟ ನಾಲ್ಕು ಬೆರಳು ಮಾತ್ರ. ಬಿಡಾರಕ್ಕೆ ಬಿಡಾರವೇ ನಕ್ಕು, ಜಂಬದ ಕೋಳಿಯ ಮರಿ ಎಂದು ಅವನನ್ನು ಕರೆಯತೊಡಗಿತು.

ಅಲ್ಲಿ ಮಕ್ಕಳನ್ನು ಯಾರೂ ಕಾಯುತ್ತ ಕೂರುತ್ತಿರಲಿಲ್ಲ. ಹೊತ್ತು ಇಳಿದ ಮೇಲೆ ತಾಯಂದಿರು ಎದ್ದು, ಮೈಗೆ ಸುತ್ತಿದ ಮೆಲ್ಹಫದ ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ ಹೊರಟು, ತಮ್ಮ ತಮ್ಮ ಮಕ್ಕಳನ್ನು ಕಿವಿ ಹಿಡಿದು ಕರೆತರುತ್ತಿದ್ದರು. ಗುರುತಿಲ್ಲದ ಹೆಜ್ಜೆ ಕಂಡರೆ, ಕಳ್ಳನದೋ ದಾರಿ ತಪ್ಪಿದವನದೋ, ಅದರ ಮೇಲೆ ಹಾಲಿನ ಮರದ ಬೋಗುಣಿಯನ್ನು ಬೋರಲು ಹಾಕಿಡುವುದು ಪದ್ಧತಿ. ಓದಬಲ್ಲ ಹಿರಿಯರು ಬರುವ ತನಕ ಗಾಳಿ ಅದನ್ನು ಅಳಿಸಬಾರದಲ್ಲ.

ಆಮೇಲೆ ಬರಗಾಲಕ್ಕೆ ಸಿಕ್ಕಿ ಬಿಡಾರದ ಮಂದೆ ಕರಗಿತು. ಹೇಗೆ ಕರಗಿತು ಎಂದು ಹೇಳುತ್ತ ಕೂತರೆ ಅದು ಆ ಕಾಲದ ಎಲ್ಲರ ಕತೆ, ಸಾಲ್ಕಳದಲ್ಲ. ಹಮ್ಮೂದ್ ಮೊದಲು ಸಮುದ್ರದಂಚಿನ ಪಟ್ಟಣ ನುವಾಕ್‌ಶೋಟ್‌ಗೆ ಹೋಗಿ ಒಬ್ಬ ಸಾಹುಕಾರನ ಗೋದಾಮಿಗೆ ಕಾವಲುಗಾರನಾದ. ಮುಂದಿನ ಚಳಿಗಾಲದಲ್ಲಿ ಹೆಂಡತಿಯನ್ನು ಕರೆಸಿಕೊಂಡ. ಸಾಲ್ಕ ಗುಡಾರ ಮಡಚಿ, ಬೋಗುಣಿಯನ್ನು ಬಟ್ಟೆಯಲ್ಲಿ ಸುತ್ತಿ, ಮೊಲೆ ಬಿಡದ ಮಗಳು ತೆಕ್ಬರ್‌ಳನ್ನು ಎದೆಗೆ ಕಟ್ಟಿಕೊಂಡು, ಯೆಸ್ಲೆಮನನ್ನು ಮೊಣಕಾಲ ಮಧ್ಯೆ ಒತ್ತಿ ಹಿಡಿದು ಲಾರಿಯ ಮೂಟೆಗಳ ಮೇಲೆ ಕೂತು ಬಂದಳು. ದಾರಿಯುದ್ದಕ್ಕೂ ಹುಡುಗ ವಾಂತಿ ಮಾಡುತ್ತ, ನಡುನಡುವೆ "ಇನ್ನೂ ಎಷ್ಟು ದೂರ?" ಎನ್ನುತ್ತ ಅವಳ ಪ್ರಾಣ ತಿಂದ.

ಊರಂಚಿನಲ್ಲಿ, ದೊಡ್ಡ ರಸ್ತೆಯಿಂದ ಕೂಗಳತೆಯಲ್ಲಿ ಗುಡಾರ ಹಾಕಿದರು. ಅಲ್ಲಿ ಗುಡಾರಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡಿದ್ದವು. ನಡುವೆ ತಗಡಿನ ಗೂಡುಗಳು, ಹಲಗೆಯ ಗೂಡುಗಳು, ಎಲ್ಲೆಲ್ಲೂ ಮೀನಿನ ವಾಸನೆ. ನೀರು ಕತ್ತೆಗಾಡಿಯಲ್ಲಿ ಬರುತ್ತಿತ್ತು, ಅದಕ್ಕೂ ಮೀನಿನ ವಾಸನೆ. ಆದರೆ ಕಾಲ ಕೆಳಗೆ ಮರಳೇ ಇತ್ತು. ಅದನ್ನು ನೋಡಿ ಸಾಲ್ಕಳಿಗೆ ಧೈರ್ಯ ಬಂತು. ಅವಳು ಮಾಡಿದ ತಪ್ಪು ಅದೊಂದೇ. ಆ ಪಟ್ಟಣಕ್ಕೆ ಬಂದ ಬಿಡಾರದ ಹೆಂಗಸರೆಲ್ಲ ಮಾಡಿದ ತಪ್ಪು ಅದು, ಬೆಲೆ ತೆತ್ತವರು ಮಾತ್ರ ಕೆಲವರು.

ಪಕ್ಕದ ಗೂಡಿನಲ್ಲಿ ಕುಂಬಾ ಇದ್ದಳು. ನದಿಯ ಕಡೆಯ ಹೆಂಗಸು, ಮೀನು ಮಾರಿ ಬದುಕುವವಳು. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು.

"ಏನಮ್ಮಾ ದೊರೆಸಾನಿ, ಮಗನ್ನ ಹೀಗೆ ಬೀದಿಗೆ ಬಿಟ್ಟು ಚಹಾ ಕಾಯಿಸ್ತಾ ಕೂತಿದೀಯ?"

"ಎಲ್ಲಿಗೆ ಹೋಗ್ತಾನೆ? ಕಾಲಿದ್ದ ಕಡೆ ಹೆಜ್ಜೆ ಇರತ್ತೆ."

"ನಿಮ್ಮ ಮರಳುಗಾಡಲ್ಲಿ ಇರತ್ತೆ ಕಣೆ. ಇಲ್ಲಿ ಒಂದು ಹೆಜ್ಜೆ ಮೇಲೆ ನೂರು ಹೆಜ್ಜೆ ಬೀಳತ್ತೆ. ಹಗ್ಗ ಕಟ್ಟಿ ಕೂರಿಸು."

"ಮಗ ಕಣೇ ಅವನು, ಮೇಕೆಯಲ್ಲ" ಎಂದು ಸಾಲ್ಕ ನಕ್ಕುಬಿಟ್ಟಳು.

ಒಂದು ದಿನ ಯೆಸ್ಲೆಮ್ ಹರಕು ಡಬ್ಬಿ ತುಳಿದು ಹಿಮ್ಮಡಿ ಸೀಳಿಕೊಂಡು ಬಂದ. ಕುಂಬಾ ಮೀನಿನ ಬುಟ್ಟಿ ಕೆಳಗಿಟ್ಟು ಬಂದು ಗಾಯ ತೊಳೆದಳು, ಜೊತೆಗೆ ಬೈಗುಳದ ಮಳೆಯನ್ನೇ ಸುರಿಸಿದಳು. ಪಟ್ಟಣದ ನೆಲ ಗಾಜು, ತಗಡು, ಮೊಳೆ, ಇಲ್ಲಿ ಬರಿಗಾಲಲ್ಲಿ ಬಿಡೋದು ಪಾಪ ಎಂದಳು. ಸಾಲ್ಕಳಿಗೆ ನಾಚಿಕೆಯಾಯಿತು. ಮಾರನೆಯ ದಿನವೇ ಸಂತೆಗೆ ಹೋಗಿ ನೀಲಿ ಪ್ಲಾಸ್ಟಿಕ್ ಚಪ್ಪಲಿ ತಂದಳು. ಆ ವರ್ಷ ಸಂತೆಯಲ್ಲಿ ರಾಶಿ ಬಿದ್ದಿದ್ದ ಚಪ್ಪಲಿ, ಓಣಿಯ ಮಕ್ಕಳೆಲ್ಲರ ಕಾಲಲ್ಲೂ ಅದೇ. ಯೆಸ್ಲೆಮ್ ಅದನ್ನು ಮೆಟ್ಟಿಕೊಂಡು ಓಣಿಯಲ್ಲಿ ಮೆರೆದದ್ದೇ ಮೆರೆದದ್ದು. ಮಲಗುವಾಗ ಪಕ್ಕದಲ್ಲಿಟ್ಟುಕೊಂಡು ಮಲಗಿದ. ಮಗನ ಸಂತೋಷ ನೋಡಿ ಅವಳಿಗೂ ಹಿಗ್ಗೋ ಹಿಗ್ಗು.

ಅವನು ಹೋದ ದಿನದಲ್ಲಿ ವಿಶೇಷವೇನೂ ಇರಲಿಲ್ಲ. ಸಾಲ್ಕ ನವಣೆ ಕುಟ್ಟುತ್ತಿದ್ದಳು. ಹುಡುಗ ಮೇಕೆಗಳ ಹಿಂದೆ ಓಡಿದ. ಒಂದು ಸಲ ಕೂಗಿದಳು, "ಬಂದೇ" ಎಂದ. ಕುಟ್ಟಿ ಮುಗಿಸಿ, ಕೇರಿ, ಮಗಳಿಗೆ ಹಾಲು ಕೊಟ್ಟು, ಊಟದ ಹೊತ್ತಾಯಿತೆಂದು ಎದ್ದು, ಎಂದಿನಂತೆ ನೆಲ ನೋಡುತ್ತ ಹೊರಟಳು.

ನೆಲದ ತುಂಬ ಚಪ್ಪಲಿಗಳು. ಒಂದೇ ಅಳತೆ, ಒಂದೇ ಚೌಕುಳಿ ಅಚ್ಚು. ಬಲಕ್ಕೆ ಹೋದವು, ಎಡಕ್ಕೆ ಹೋದವು, ಒಂದರ ಮೇಲೊಂದು ತುಳಿದುಕೊಂಡು ಹೋದವು. ಅವುಗಳಲ್ಲಿ ಕಿರುಬೆರಳಿಲ್ಲ, ಹಿಮ್ಮಡಿಯಿಲ್ಲ, ಯಾರೂ ಇಲ್ಲ. ಒಂದು ಸಾಲು ಹಿಡಿದು ಓಡಿದಳು, ಅದರ ತುದಿಯಲ್ಲಿ ಬೇರೊಬ್ಬ ಹುಡುಗ ಗೋಲಿ ಆಡುತ್ತಿದ್ದ. ಇನ್ನೊಂದು ಹಿಡಿದಳು, ಅದರ ತುದಿಯಲ್ಲಿ ಒಬ್ಬ ಹುಡುಗಿ. ಮತ್ತೊಂದು ಸಾಲು ದೊಡ್ಡ ರಸ್ತೆಯ ಅಂಚಿಗೆ ಹೋಗಿ ನಿಂತಿತು. ಮುಂದೆ ಡಾಂಬರು. ಲಾರಿಗಳು ಪೂರ್ವಕ್ಕೂ ದಕ್ಷಿಣಕ್ಕೂ ಭರ್ರನೆ ಹೋಗುತ್ತಿದ್ದವು. ಬಿಸಿಲಿಗೆ ಮೆತ್ತಗಾಗಿದ್ದರೂ ಆ ಹಾಳು ಡಾಂಬರು ಒಂದೇ ಒಂದು ಗುರುತನ್ನೂ ಇಟ್ಟುಕೊಂಡಿರಲಿಲ್ಲ. ಸಾಲ್ಕ ಅದರ ಮೇಲೆ ಮಂಡಿಯೂರಿ ಕೈಯಿಂದ ಸವರಿ ಸವರಿ ನೋಡಿದಳು. ಲಾರಿಯವನೊಬ್ಬ ತಲೆ ಹೊರಗೆ ಹಾಕಿ, ಹುಚ್ಚಿ, ಸಾಯ್ಬೇಕು ಅಂತಿದೀಯಾ ಎಂದು ಬೈದು ಹೋದ.

ಹಮ್ಮೂದ್ ಹುಡುಕಿದ. ಓಣಿಯ ಗಂಡಸರು ಹುಡುಕಿದರು. ಪೊಲೀಸರಿಗೆ ಹೇಳಿದರು, ಮಸೀದಿಯಲ್ಲಿ ಕೂಗಿಸಿದರು, ರೇಡಿಯೋದಲ್ಲಿ ಹೇಳಿಸಿದರು. ಕುಂಬಾ ಸಮುದ್ರದ ದಂಡೆಯವರೆಗೂ ಎದೆ ಬಡಿದುಕೊಳ್ಳುತ್ತ ಹೋಗಿ ದೋಣಿಯವರನ್ನೆಲ್ಲ ಕೇಳಿ ಬಂದಳು. ಯಾರೂ ಕಂಡಿಲ್ಲ.

ಅವನು ಹೋದ ದಿನದ ಸಂಜೆಯೇ ನೀರಿನ ಪೀಪಾಯಿಯ ಮಗ್ಗುಲಲ್ಲಿ ಸಾಲ್ಕಳಿಗೆ ಒಂದು ಹೆಜ್ಜೆ ಸಿಕ್ಕಿತು. ಬೆಳಗಿನ ಜಾವ ಹುಡುಗ ಉಚ್ಚೆಗೆಂದು ಎದ್ದಾಗ ಚಪ್ಪಲಿ ಮೆಟ್ಟಲು ಮರೆತಿರಬೇಕು. ಎಡಗಾಲು, ನಾಲ್ಕು ಬೆರಳು. ಅವಳು ಬೋಗುಣಿ ತಂದು ಅದರ ಮೇಲೆ ಬೋರಲು ಹಾಕಿದಳು. ಓದಲು ಬರುವ ಹಿರಿಯರು ಯಾರೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಹಾಕಿದಳು. ಪ್ರತಿದಿನ ಬೆಳಿಗ್ಗೆ ಒಂದು ಅಂಚು ಎತ್ತಿ ನೋಡಿ, ಮತ್ತೆ ಮುಚ್ಚಿ, ಹುಡುಕಲು ರಸ್ತೆಗೆ ಹೋಗುತ್ತಿದ್ದಳು.

ಸುದ್ದಿ ಕೇಳಿ ಬಿಡಾರದ ಕಡೆಯ ನೆಂಟರು ಬಂದರು. ಬಂದವರಿಗೆ ಸಕ್ಕರೆ ಹಾಕಿದ ಹಾಲು ಕೊಡದೆ ಇರುವುದುಂಟೇ? ಒಬ್ಬಳು ಓರಗಿತ್ತಿ, ಪಾಪ, ಮನೆಯವಳು ಹೊರಗಿದ್ದಾಳೆ, ಮರ್ಯಾದೆ ಉಳಿಯಲಿ ಎಂದು, ಪೀಪಾಯಿಯ ಹತ್ತಿರ ಬೋರಲಾಗಿದ್ದ ಬೋಗುಣಿಯನ್ನು ಒಣಗಲು ಕವುಚಿಟ್ಟದ್ದೆಂದುಕೊಂಡು ಎತ್ತಿ, ತೊಳೆದು, ಹಾಲು ಕದಡಿದಳು. ಸಾಲ್ಕ ರಸ್ತೆಯಿಂದ ಬಂದಾಗ ಗಂಡಸರು ಸಾಲಾಗಿ ಕೂತು ಬೋಗುಣಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಪೀಪಾಯಿಯ ಮಗ್ಗುಲಲ್ಲಿ ನೀರು ಚೆಲ್ಲಿ, ಜನ ಓಡಾಡಿ, ರಾಡಿಯಾಗಿತ್ತು. ಅವಳು ಕೂಗಿದ ಕೂಗಿಗೆ ಓಣಿಯ ನಾಯಿಗಳೂ ಸುಮ್ಮನಾದವು. ಓರಗಿತ್ತಿಗೆ ತಾನೇನು ಮಾಡಿದೆ ಎಂದು ಕೊನೆಯವರೆಗೂ ತಿಳಿಯಲಿಲ್ಲ.

ಹಮ್ಮೂದ್ ಒಂದೇ ಸಲ ಕೇಳಿದ. "ಚಪ್ಪಲಿ ಹಾಕಿದ್ಯಾರು?"

"ನಾನೇ."

ಮತ್ತೆ ಎಂದೂ ಆ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ, ಹೊಡೆದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಕೆಲವು ವರ್ಷಗಳ ನಂತರ ಎದೆನೋವು ಬಂದು ಗೋದಾಮಿನ ಬಾಗಿಲಲ್ಲೇ ಸತ್ತ. ಬಿಟ್ಟು ಓಡುವ ಗಂಡಲ್ಲವೆಂದು ಅತ್ತೆಯಂದಿರು ಹೇಳಿದ್ದು ಸುಳ್ಳಾಗಲಿಲ್ಲ.

ಸಾಲ್ಕ ಮೀನು ಮಾರಿದಳು. ಮೀನಿನ ವಾಸನೆಗೆ ಮೂಗು ಮುರಿಯುತ್ತಿದ್ದವಳು ಕುಂಬಾಳ ಜೊತೆ ಬುಟ್ಟಿ ಹೊತ್ತು ಕೂಗಿ ಕೂಗಿ ಮಾರಿದಳು. ಗುಡಾರವಿದ್ದ ಜಾಗದಲ್ಲೇ ಒಂದು ಸಿಮೆಂಟಿನ ಕೋಣೆ ಎದ್ದಿತು. ಸರ್ಕಾರದವರು ಓಣಿ ಎಬ್ಬಿಸಿ ಬೇರೆ ಕಡೆ ಒಳ್ಳೆಯ ನಿವೇಶನ ಕೊಡುತ್ತೇವೆಂದಾಗ ಅರ್ಧ ಓಣಿ ಖಾಲಿಯಾಯಿತು, ಅವಳು ಜಪ್ಪಯ್ಯ ಎಂದರೂ ಕದಲಲಿಲ್ಲ. "ಅವನು ಬಂದ್ರೆ ಇಲ್ಲಿಗೇ ಬರ್ತಾನೆ" ಎಂದಳು. ಅಂಗಳಕ್ಕೆ ಮಾತ್ರ ಸಿಮೆಂಟು ಹಾಕಿಸಲಿಲ್ಲ. ದಿನವೂ ಸಂಜೆ ಖರ್ಜೂರದ ಗರಿಯಿಂದ ಅಲ್ಲಿನ ಮರಳನ್ನು ಗುಡಿಸಿ ಸಮ ಮಾಡುತ್ತಿದ್ದಳು.

ತೆಕ್ಬರ್‌ಳಿಗೆ ಚಪ್ಪಲಿ ನಿಷಿದ್ಧ. ಶಾಲೆಯಲ್ಲಿ ಹುಡುಗಿಯರು ಅವಳನ್ನು ಬರಿಗಾಲಿ ಎಂದು ಕಾಡಿದರು, ಟೀಚರು ಹೊರಗೆ ನಿಲ್ಲಿಸಿದರು. ಕೊನೆಗೆ ಅವಳು ಕುಂಬಾಳ ಮನೆಯಲ್ಲಿ ಒಂದು ಜೊತೆ ಬಚ್ಚಿಟ್ಟುಕೊಂಡು, ಹೋಗುವಾಗ ಮೆಟ್ಟಿ, ಬರುವಾಗ ಬಿಚ್ಚಿಟ್ಟು ಬರತೊಡಗಿದಳು. ತಾಯಿಗೆ ಗೊತ್ತಿಲ್ಲವೆಂದು ಇಬ್ಬರೂ ನಂಬಿದ್ದರು. ಆದರೆ ಕುಂಬಾಳ ಹೊಸ್ತಿಲವರೆಗೆ ಬರಿಗಾಲು, ಅಲ್ಲಿಂದಾಚೆ ಚಪ್ಪಲಿ ಎಂದು ಮರಳಿನ ಮೇಲೆ ಬರೆದಿಟ್ಟ ಹಾಗೆ ಇರುತ್ತಿತ್ತು. ಸಾಲ್ಕ ನೋಡಿಯೂ ನೋಡದವಳಂತೆ ಇದ್ದುಬಿಟ್ಟಳು. ಮಗಳ ಚಪ್ಪಲಿಯ ಅಚ್ಚನ್ನು ಮಾತ್ರ ಚೆನ್ನಾಗಿ ಗುರುತಿಟ್ಟುಕೊಂಡಳು.

ತೆಕ್ಬರ್ ಮದುವೆಯಾಗಿ, ಅವಳಿಗೂ ಮಕ್ಕಳಾದ ಮೇಲೆ, ಒಂದು ಮಧ್ಯಾಹ್ನ ಒಬ್ಬ ಗಂಡಸು ಬಾಗಿಲಿಗೆ ಬಂದ. ಲಾರಿಯ ಚಾಲಕ. ಬಿಸಿಲಿಗೆ ಕಪ್ಪಾದ, ಮಾತು ಕಡಿಮೆಯ ಮನುಷ್ಯ. ಹೆಸರು ಸಿದಾತಿ, ಸಾಕಿದವರು ಇಟ್ಟದ್ದು. ತುಂಬ ಚಿಕ್ಕವನಿದ್ದಾಗ ದೊಡ್ಡ ರಸ್ತೆಯ ಬದಿಯಲ್ಲಿ ಅಳುತ್ತ ನಿಂತಿದ್ದೆನಂತೆ, ಪೂರ್ವದ ಕಡೆಯ ಒಬ್ಬ ಲಾರಿಯವನು ಎತ್ತಿಕೊಂಡು ಹೋಗಿ ಸಾಕಿದನಂತೆ. ಮಗನಿಗಾಗಿ ನೆಲ ನೋಡುತ್ತ ಬದುಕುವ ಹೆಂಗಸೊಬ್ಬಳು ಇಲ್ಲಿದ್ದಾಳೆಂದು ಸಂತೆಯಲ್ಲಿ ಕೇಳಿ ಬಂದೆ ಎಂದ.

"ಏನಾದ್ರೂ ನೆನಪಿದೆಯಾ?" ತವರಿಗೆ ಬಂದಿದ್ದ ತೆಕ್ಬರ್ ಕೇಳಿದಳು.

"ಒಂದು ಗುಡಾರ. ಹಾಲು. ಒಬ್ಬಳ ಕೈ ನೆನಪಿದೆ, ಮೆಲ್ಹಫದ ಬಣ್ಣ ಹತ್ತಿ ನೀಲಿಯಾಗಿತ್ತು."

ತೆಕ್ಬರ್ ಅಣ್ಣಾ ಎಂದು ಬಿಕ್ಕಿ ಅವನನ್ನು ತಬ್ಬಿಕೊಂಡಳು. ಮುದುಕಿಯಾಗಿದ್ದ ಕುಂಬಾ ಬಾಗಿಲಲ್ಲಿ ನಿಂತು ಸಂಭ್ರಮಕ್ಕೆ ಉಲುಲು ಎಂದು ನಾಲಿಗೆ ಹೊರಳಿಸಿದಳು. ಓಣಿಯ ಹೆಂಗಸರೆಲ್ಲ ದನಿಗೂಡಿಸಿದರು. ಆ ದೇಶದಲ್ಲಿ ಗುಡಾರ, ಹಾಲು, ನೀಲಿ ಕೈ ನೆನಪಿಲ್ಲದ ಮಗ ಯಾರಿದ್ದಾನೆ ಎಂದು ಆ ಹೊತ್ತಿನಲ್ಲಿ ಯಾರೂ ಯೋಚಿಸಲಿಲ್ಲ.

ಸಾಲ್ಕ ಗೋಡೆ ಹಿಡಿದು ಎದ್ದು ನಿಂತಳು.

"ಬೂಟ್ಸ್ ಬಿಚ್ಚಪ್ಪ. ಅಂಗಳದಲ್ಲಿ ಆ ತುದಿವರೆಗೂ ನಡಿ."

ಅವನು ಬಿಚ್ಚಿದ. ಗುಡಿಸಿ ಸಮ ಮಾಡಿದ್ದ ಮರಳಿನ ಮೇಲೆ ಆ ತುದಿಗೆ ನಡೆದು, ತಿರುಗಿ ನಿಂತ. ಸಾಲ್ಕ ಮಂಡಿಯೂರಿ ಕೂತಳು. ಎಡ ಹೆಜ್ಜೆ ನೋಡಿದಳು. ಪಕ್ಕದ್ದನ್ನು ನೋಡಿದಳು. ಮೊಣಕಾಲಲ್ಲೇ ತೆವಳುತ್ತ ಕೊನೆಯ ಹೆಜ್ಜೆಯವರೆಗೂ ಹೋದಳು. ಎಲ್ಲದರಲ್ಲೂ ಐದು ಬೆರಳು. ಕಿರುಬೆರಳು ಮರಳಿನೊಳಗೆ ಚೆನ್ನಾಗಿ ಊರಿ, ಗುಂಡಗೆ ಕೂತಿತ್ತು.

ಕುಂಬಾ ಪಕ್ಕದಲ್ಲಿ ಬಂದು ಕುಕ್ಕರಿಸಿದಳು. ಸ್ನೇಹಿತೆಯ ಮುಖ ನೋಡಿದ್ದೇ ಅವಳಿಗೆ ಅರ್ಥವಾಯಿತು.

"ಹೌದು ಅಂದ್ಬಿಡೆ" ಎಂದು ಪಿಸುಗುಟ್ಟಿದಳು. "ಯಾರಿಗೆ ಗೊತ್ತಾಗತ್ತೆ? ಅವನಿಗೊಂದು ತಾಯಿ ಬೇಕು, ನಿನಗೊಬ್ಬ ಮಗ ಬೇಕು. ದೇವರೂ ಕಣ್ಮುಚ್ಕೋತಾನೆ ಕಣೆ."

ಹೌದು ಎನ್ನಲು ಸಾಲ್ಕಳಿಗೆ ಎಷ್ಟು ಆಸೆಯಾಯಿತೆಂದರೆ ಬಾಯಲ್ಲಿ ಆ ಮಾತು ಬಂದೇ ಬಿಟ್ಟಿತ್ತು. ಮನೆಗೆ ಬಂದ ಮಗನನ್ನು ಯಾರಾದರೂ ಬಾಗಿಲಿಂದ ತಳ್ಳುತ್ತಾರೆಯೇ? ಅವಳು ಮತ್ತೊಮ್ಮೆ ಆ ಹೆಜ್ಜೆ ನೋಡಿದಳು. ಆಳವಾದ, ದಣಿದ, ಒಳ್ಳೆಯ ಹೆಜ್ಜೆ.

"ನೀನು ನನ್ನ ಮಗ ಅಲ್ಲಪ್ಪಾ" ಎಂದಳು.

"ಅಮ್ಮಾ!" ತೆಕ್ಬರ್ ಕಿರುಚಿದಳು. "ನಾಲ್ಕು ವರ್ಷದ ಮಗುವಿನ ಕಾಲು ನಿನಗೆ ಇನ್ನೂ ನೆನಪಿದೆಯಾ? ನಿನಗೆ ಹುಚ್ಚು!"

"ನನಗೆ ಹುಚ್ಚೇ. ಆದ್ರೆ ನನ್ನ ಹಾಗೇ ಹುಚ್ಚಿ ಇನ್ನೊಬ್ಬಳಿದಾಳೆ. ಎಲ್ಲೋ ಕೂತು ಈ ಕಾಲು ಕಾಯ್ತಿದಾಳೆ. ನಾನು ಇವನ್ನ ಇಟ್ಕೊಂಡ್ರೆ ಅವಳಿಗೆ ಇವನು ಸಿಗೋದು ಯಾವಾಗ?"

ಸಿದಾತಿ ನಿಂತಲ್ಲೇ ಅತ್ತುಬಿಟ್ಟ. ಗಂಡಸು ಅಷ್ಟು ಜನರೆದುರು ಅತ್ತರೆ ಆ ಊರಲ್ಲಿ ನಗುತ್ತಾರೆ. ಅಂದು ಯಾರೂ ನಗಲಿಲ್ಲ. ಸಾಲ್ಕ ಅವನನ್ನು ಕೂರಿಸಿ ಮೂರು ಲೋಟ ಚಹಾ ಕುಡಿಸಿದಳು. ಅವನ ಪಾದವನ್ನು ಮಡಿಲಲ್ಲಿಟ್ಟುಕೊಂಡು ಬೆರಳಿಂದ ತೋರಿಸಿ ತೋರಿಸಿ ಹೇಳಿದಳು.

"ನೋಡು, ನಿನ್ನ ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳಿಂದ ಸರಿದು ನಿಲ್ಲತ್ತೆ. ಹಿಮ್ಮಡಿ ಹೊರಗಡೆಗೆ ವಾಲತ್ತೆ. ಹುಟ್ಟಿನಿಂದ ಬಂದದ್ದು ಇದು. ಯಾವ ಬಿಡಾರಕ್ಕೆ ಹೋದ್ರೂ ಮೊದಲು ಬೂಟ್ಸ್ ಬಿಚ್ಚು. ಬಾವಿ ಹತ್ರ ಮುದುಕಿಯರಿರ್ತಾರೆ, ಅವರೆದುರು ನಡಿ. ಬಾಯಲ್ಲಿ ಏನೂ ಹೇಳ್ಬೇಡ, ಸುಮ್ನೆ ನಡಿ."

ಅವನು ಬೂಟ್ಸನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಣಿ ದಾಟಿ ಹೋದ. ಡಾಂಬರಿನ ಅಂಚಿನವರೆಗೂ ಸಾಲ್ಕ ಅವನ ಹೆಜ್ಜೆ ನೋಡುತ್ತ ಹಿಂದೆಯೇ ಹೋಗಿ, ಅಲ್ಲಿಂದ ಒಬ್ಬಳೇ ತಿರುಗಿ ಬಂದಳು.

ಬಂದವಳೇ ಪೆಟ್ಟಿಗೆಯಲ್ಲಿದ್ದ ಬೋಗುಣಿ ತೆಗೆದಳು. ಅಂಗಳದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಮೂಡಿದ್ದ ಬಲ ಹೆಜ್ಜೆಯೊಂದನ್ನು ಹುಡುಕಿ, ಅದರ ಮೇಲೆ ಬೋರಲು ಹಾಕಿ, ಸುತ್ತ ಕಲ್ಲಿಟ್ಟಳು. ಯಾರಾದರೂ ಅವನನ್ನು ಕೇಳಿಕೊಂಡು ಬಂದರೆ ತೋರಿಸಬೇಕಲ್ಲ.

"ಇದನ್ನ ಯಾರೂ ಎತ್ತಕೂಡದು" ಎಂದು ಮಗಳಿಗೆ ಹೇಳಿದಳು. "ಎಂಥ ನೆಂಟರು ಬಂದ್ರೂ ಸರಿ."

ಸಾಲ್ಕಳ ಮಗ ಸಿಕ್ಕಿದನಂತೆ ಎಂಬ ಸುದ್ದಿ ಕೇಳಿ ಸಂಜೆ ನೆಂಟರು ನಗುನಗುತ್ತ ಬರತೊಡಗಿದರು. ತೆಕ್ಬರ್ ಬಂದವರಿಗೆಲ್ಲ ತಗಡಿನ ಲೋಟಗಳಲ್ಲಿ ಹಾಲು ಕೊಟ್ಟಳು.